ಮಾಟುಂಗಾವನ್ನು ನಡೆದು ಓದುವ ಬಗೆ

ಮೊದಲ ಎಡವಟ್ಟು ಸ್ಟೇಷನ್ನಿನಲ್ಲೇ ಆಗುತ್ತದೆ. ಮುಂಬೈನ ಪಶ್ಚಿಮ ರೈಲ್ವೆಯ 'ಮಾಟುಂಗಾ ರೋಡ್' ಬೇರೆ. ನೀವು ಇಳಿಯಬೇಕಾದದ್ದು ಮಧ್ಯ ರೈಲ್ವೆಯ 'ಮಾಟುಂಗಾ'ದಲ್ಲಿ. ಅದೂ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್ ರೈಲು ಹಿಡಿದು, ಪೂರ್ವದ ಬಾಗಿಲಿಂದ ಹೊರಗೆ ಬನ್ನಿ. ಬೆಳಿಗ್ಗೆ ಬೇಗ ಹೊರಟರೆ ಬಿಸಿಲೂ ಕಡಿಮೆ, ಹೂವೂ ತಾಜಾ.

ಹಿನ್ನೆಲೆ ಇಷ್ಟು ಗೊತ್ತಿರಲಿ: 1896ರ ಪ್ಲೇಗಿನ ನಂತರ, 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ನಗರ ಸುಧಾರಣಾ ಸಂಸ್ಥೆ ಊರಿನ ಇಕ್ಕಟ್ಟು ಕಡಿಮೆ ಮಾಡಲು ಉತ್ತರದಲ್ಲಿ ಈ ಬಡಾವಣೆಗಳನ್ನು ಯೋಜಿಸಿತು. ಅಗಲ ರಸ್ತೆ, ಸಾಲುಮರ, ಗುಂಡಗಿನ ಉದ್ಯಾನ ಅದರ ಗುರುತು. ಗುಮಾಸ್ತಿಕೆಗೆ ಬಂದ ದಕ್ಷಿಣದವರು ಇಲ್ಲಿ ನೆಲೆ ನಿಂತರು. ಗುಜರಾತಿ, ಕಚ್ಛಿ ಮನೆತನಗಳೂ ಅಷ್ಟೇ ಹಳೆಯವು. ಅವರನ್ನು ಬಿಟ್ಟು ಬರೆದರೆ ಚಿತ್ರ ಅರ್ಧವೇ.

ಸ್ಟೇಷನ್ ಎದುರಿನ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದು. ಮನೆಬಿಟ್ಟು ಬಂದ ಒಂಟಿ ನೌಕರರಿಗೆ ಎರಡು ಹೊತ್ತಿನ ಊಟವೇ ಆಸರೆಯಾಗಿದ್ದ ಕಾಲವನ್ನು 'ಬೋರ್ಡಿಂಗ್' ಎಂಬ ಪದವೇ ಹೇಳುತ್ತದೆ. ಎಲೆ ಊಟಕ್ಕೆ ಮಧ್ಯಾಹ್ನ ಬನ್ನಿ. ಪಕ್ಕದ ಹೂವಿನಂಗಡಿಗಳಲ್ಲಿ ಒತ್ತಾಗಿ ಕಟ್ಟಿದ ಮಲ್ಲಿಗೆ ದಂಡೆ, ಬಾಳೆಎಲೆಯ ಸುರುಳಿ ನೋಡಿ. ಯಾವ ಹಬ್ಬಕ್ಕೆ ಏನು ಬರುತ್ತದೆ ಎಂದು ಕೇಳಿದರೆ ಇಲ್ಲಿರುವವರ ಪಂಚಾಂಗವೇ ಸಿಗುತ್ತದೆ.

ಅಲ್ಲಿಂದ ಗುಂಡಗಿನ ಉದ್ಯಾನವಿರುವ ಕಿಂಗ್ಸ್ ಸರ್ಕಲ್‌ಗೆ ನಡೆಯಿರಿ. ಬಳಿಕ ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್. 1926ರಲ್ಲಿ ಕಟ್ಟಿದ, ಮುಂಬೈ ಕನ್ನಡಿಗರ ಈ ಸಂಸ್ಥೆಗೆ ಕನ್ನಡಿಗರು ಅವಶ್ಯ ಹೋಗಬೇಕು.

ಹಳೆಯ ಕಟ್ಟಡಗಳ ಹೆಸರು, ಬಾಗಿಲ ಮೇಲಿನ ಇಸವಿಯನ್ನು ಈಗಲೇ ಬರೆದುಕೊಳ್ಳಿ. ಮರುನಿರ್ಮಾಣಕ್ಕೆ ಹೋದ ಕಟ್ಟಡದೊಂದಿಗೆ ಆ ಫಲಕವೂ ಹೋಗುತ್ತದೆ.