ಮುರುಗಲು ಶರಬತ್ತು ದುಬೈ ಸೇರಿದ ಬಗೆ: ನನ್ನ ಅನುಭವ

"ಅಲ್ಲಿ ಮುರುಗಲು ಯಾರು ಕುಡಿತ್ರು ಮಾರಾಯ? ಸುಮ್ಮನೆ ಕಾಳುಮೆಣಸು ಕೊಚ್ಚಿಯವನಿಗೆ ಕೊಟ್ಟು ದುಡ್ಡು ಎಣಿಸು." ಶಿರಸಿ ಪೇಟೆಯಲ್ಲಿ ಆರು ವರ್ಷ ಇದೇ ಮಾತು ಕೇಳಿದ್ದೇನೆ. ಮುರುಗಲು ಅಂದರೆ ಕೋಕಂ, ಕರಾವಳಿಯವರ ಪುನರ್ಪುಳಿ; ಅದರ ಸಿರಪ್ ಮಾಡಿ ದುಬೈಗೆ ಕಳಿಸುವವನು ನಾನು. 2025ರ ರಂಜಾನಿಗೆ ಕಳಿಸಿದ ಎರಡು ಸಾವಿರದ ನೂರು ಚಿಲ್ಲರೆ ಬಾಟಲಿ ಪೂರ್ತಿ ಖಾಲಿಯಾಗಿ, ಮುಂದಿನ ವರ್ಷಕ್ಕೆ ಮುಂಗಡವೂ ಬಂದಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ರಫ್ತು ನೋಂದಣಿ, ಜಿಎಸ್‌ಟಿ, ಆಹಾರ ಸುರಕ್ಷತೆಯ ಕಾಗದಪತ್ರ (ಐಇಸಿ, ಎಲ್‌ಯುಟಿ, ಎಫ್‌ಎಸ್‌ಎಸ್‌ಎಐ) ರಫ್ತು ಮಾಡುವವರಿಗೆಲ್ಲ ಗೊತ್ತಿದ್ದದ್ದೇ, ಅದನ್ನು ಬಿಡುತ್ತೇನೆ.

ಮೊದಲು ಹಣ ಹೋದದ್ದು 2019ರಲ್ಲಿ. ಒಬ್ಬ ಏಜೆಂಟ್ "ಬಯ್ಯರ್ ಲಿಸ್ಟ್" ಕೊಡುತ್ತೇನೆ, ಆಹಾರ ಮೇಳದಲ್ಲಿ ಅರ್ಧ ಸ್ಟಾಲ್ ಕೊಡಿಸುತ್ತೇನೆ ಎಂದು ಸುಮಾರು ಎಂಬತ್ತು ಸಾವಿರ ತೆಗೆದುಕೊಂಡ. ಚೀಲ ತುಂಬ ವಿಸಿಟಿಂಗ್ ಕಾರ್ಡ್ ಸಿಕ್ಕಿತು. ನಲವತ್ತು ಮೇಲ್ ಹಾಕಿದೆ, ಉತ್ತರ ಬಂದದ್ದು ಎರಡಕ್ಕೆ. ಇಬ್ಬರೂ ಕೇಳಿದ್ದು ಪೂರ್ತಿ ಕಂಟೇನರ್ ಮಾಲು, ಮೂರು ತಿಂಗಳ ಉದ್ದರಿ. ನನ್ನ ಇಡೀ ವರ್ಷದ ಸಿರಪ್ ಸೇರಿಸಿದರೂ ಕಂಟೇನರಿನ ಒಂದು ಮೂಲೆ ತುಂಬುತ್ತಿರಲಿಲ್ಲ.

2022ರ ಮೇ ಕೊನೆಗೆ ಹಠದಿಂದ ಆರುನೂರು ಬಾಟಲಿಯನ್ನು ಎಲ್‌ಸಿಎಲ್‌ನಲ್ಲಿ, ಅಂದರೆ ಬೇರೆಯವರ ಮಾಲಿನ ಜೊತೆ ಕಂಟೇನರ್ ಹಂಚಿಕೊಂಡು, ಹಡಗಿಗೆ ಹಾಕಿದೆ. ಆ ತಿಂಗಳ 1ನೇ ತಾರೀಕಿನಿಂದಲೇ ಯುಎಇ ಜೊತೆಗಿನ ಸೀಪಾ ಎಂಬ ವ್ಯಾಪಾರ ಒಪ್ಪಂದ ಜಾರಿಯಾಗಿತ್ತು. ಸುಂಕದ ರಿಯಾಯಿತಿ ಕೇಳಲಿಕ್ಕೆ, ಮಾಲು ಭಾರತದ್ದೇ ಎಂದು ತೋರಿಸುವ ಮೂಲ ಪ್ರಮಾಣಪತ್ರ ಬೇಕೆಂದು ನನ್ನ ಕಸ್ಟಮ್ಸ್ ಕ್ಲಿಯರಿಂಗ್‌ನವನು ಹೇಳಲೇ ಇಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಬಣ್ಣದ್ದು. ಮುರುಗಲಿನ ಕೆಂಪು ಬಿಸಿಲನ್ನೂ ತಡೆಯುವುದಿಲ್ಲ, ಕಾವನ್ನೂ ತಡೆಯುವುದಿಲ್ಲ. ಮಾಲು ದುಬೈನ ಜೆಬೆಲ್ ಅಲಿ ಬಂದರಿನ ಯಾರ್ಡಿನಲ್ಲಿ ಜೂನ್ ತಿಂಗಳ ಸೆಕೆಗೆ ಹದಿನೈದು ದಿನ ಬಿದ್ದಿತ್ತು. ಒಂದು ಸಂಜೆ ವಾಟ್ಸಾಪಿಗೆ ಫೋಟೋ ಬಂತು. ಮಾಣಿಕ್ಯದಂತೆ ಇದ್ದದ್ದು ಹಳಸಿದ ಚಾ ಕಷಾಯದ ಬಣ್ಣಕ್ಕೆ ತಿರುಗಿತ್ತು. ಒಂದೂಮುಕ್ಕಾಲು ಲಕ್ಷ ಹೋಯಿತು. ಅದು ಆ ವರ್ಷದ ಅಡಿಕೆ ದುಡ್ಡು. ಮನೆಯಲ್ಲಿ ಎಂಟು ದಿನ ಯಾರೂ ಆ ಮಾತು ಎತ್ತಲಿಲ್ಲ.

ದಾರಿ ತೆರೆದದ್ದು ಭಟ್ಕಳದಿಂದ. ಭಟ್ಕಳದವರ ಮನೆಮನೆಯಲ್ಲೂ ದುಬೈ ನಂಟು ಉಂಟು. ನನ್ನಿಂದ ಒಣಸಿಪ್ಪೆ ಒಯ್ಯುವ ಒಬ್ಬರು ದುಬೈನ ದೇರಾ ಪೇಟೆಯಲ್ಲಿ ಕಿರಾಣಿ ಇಟ್ಟಿರುವ ತಮ್ಮ ಭಾವನಿಗೆ ಫೋನ್ ಹಚ್ಚಿಕೊಟ್ಟರು. 2023ರ ಮಾರ್ಚಿನಲ್ಲಿ, ರಂಜಾನಿಗೆ ನಾಲ್ಕು ದಿನ ಮೊದಲು, ಇಪ್ಪತ್ತನಾಲ್ಕು ಬಾಟಲಿ ಹಿಡಿದು ನಾನೇ ಹೋದೆ. ಒಂಬತ್ತು ದಿನ ಆ ಅಂಗಡಿಯಲ್ಲಿ ನಿಂತೆ. ಮೇಳಕ್ಕೆ ಸುರಿದ ದುಡ್ಡು ಕಲಿಸದ್ದನ್ನು ಆ ಒಂಬತ್ತು ದಿನ ಕಲಿಸಿತು.

ನಮ್ಮ ಕರಾವಳಿಯವರೇ ಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಬಾಟಲಿ ನೋಡಿ ಖುಷಿಪಟ್ಟರು, ಕೊಳ್ಳಲಿಲ್ಲ. ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಅವರಿಗೆ ಅದು ಪುಕ್ಕಟೆ ಬರುತ್ತದೆ. ಅದೇ ಹೊತ್ತಿಗೆ ಬಾಗಿಲ ಹತ್ತಿರ ವಿಮ್ಟೋ ಬಾಟಲಿಗಳ ಗೋಪುರ ಗಂಟೆಗಂಟೆಗೆ ಕರಗುತ್ತಿತ್ತು. 1908ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಪಾನೀಯ ಅದು. 1928ರ ಸುಮಾರಿಗೆ ಕೊಲ್ಲಿಯ ವ್ಯಾಪಾರಿಯೊಬ್ಬರ ಕೈಹಿಡಿದು ಅಲ್ಲಿಗೆ ಬಂದು ಇಫ್ತಾರಿನದ್ದೇ ಆಗಿಹೋಗಿದೆ. ಗಾಢ ಕೆಂಪು, ನೀರಿಗೆ ಬೆರೆಸಿ ಕುಡಿಯುವುದು. ನಮ್ಮ ಮುರುಗಲೂ ಅದೇ ಅಲ್ಲವೇ! ಅಂಗಡಿಯವನಿಗೆ ಹೇಳಿ ನನ್ನ ಬಾಟಲಿಗಳನ್ನು ಉಪ್ಪಿನಕಾಯಿ, ಹಪ್ಪಳದ ಸಾಲಿಂದ ತೆಗೆಸಿ ಆ ಗೋಪುರದ ಪಕ್ಕ ಇಡಿಸಿದೆ. ಸಂಜೆಯೊಳಗೆ ಐದು ಹೋದವು. ಒಬ್ಬ ಹೆಂಗಸು ಬಾಟಲಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ಬಣ್ಣ ನೋಡಿದಳು, ಮುಚ್ಚಳ ತೆಗೆಸಿ ಮೂಸಿದಳು, ಜೀರಿಗೆ ವಾಸನೆಗೆ ಮುಖ ಸಿಂಡರಿಸಿ ವಾಪಸಿಟ್ಟಳು. ಅವತ್ತೇ ನಿರ್ಧರಿಸಿದೆ: ಜೀರಿಗೆ ಇಲ್ಲ, ಉಪ್ಪು ಹೆಸರಿಗಷ್ಟೇ.

2024ರಲ್ಲಿ ಮುನ್ನೂರು ಬಾಟಲಿ ವಿಮಾನದಲ್ಲಿ ಕಳಿಸಿ ನೋಡಿದೆ. ಲಾಭ ಸೊನ್ನೆ, ಆದರೆ ಬಣ್ಣ ನಿಂತಿತು. ಅರಬ್ಬಿ ಲೇಬಲ್ಲನ್ನು ಅಲ್ಲೇ ಮಾಡಿಸಿದೆ. ಇಲ್ಲಿ ಮಾಡಿಸಿದರೆ ಅಕ್ಷರ ಬಿಡಿಬಿಡಿಯಾಗಿ ಅಚ್ಚಾಗುವುದೂ ಉಂಟು. ಬಾಟಲಿಯ ಹಿಂಬದಿಗೆ ಒಡೆದ ಹಣ್ಣಿನ ಚಿತ್ರ, ಒಂದಕ್ಕೆ ಐದು ಲೋಟ ನೀರು ಎಂದು ತೋರಿಸುವ ಚಿತ್ರ, ಅಷ್ಟೇ.

ತೊಡಕಿರುವುದು ಕಾಲದ್ದು. ಹಣ್ಣು ಬರುವುದು ಏಪ್ರಿಲ್–ಮೇಯಲ್ಲಿ. ರಂಜಾನು ವರ್ಷವೂ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ: 2023ರಲ್ಲಿ ಮಾರ್ಚ್ 23, 2025ರಲ್ಲಿ ಮಾರ್ಚ್ 1. ಆಮದುದಾರನೋ ಅರ್ಧ ಆಯುಷ್ಯವಾದರೂ ಉಳಿದಿರುವ ಮಾಲೇ ಬೇಕು ಎನ್ನುತ್ತಾನೆ. ಮೇಯಲ್ಲಿ ಸಿರಪ್ ಕಾಸಿಟ್ಟರೆ ಆಗುವುದಿಲ್ಲ. ನಾನು ಕಾಸುವುದು ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಹಣ್ಣನ್ನು ಯಾವ ರೂಪದಲ್ಲಿ ಇಡುತ್ತೇನೆ ಎನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದಕ್ಕೆ ಎರಡು ವರ್ಷದ ಹಣ್ಣು ಸುರಿದಿದ್ದೇನೆ. ಜನವರಿಯಲ್ಲಿ ಹಡಗು ಹತ್ತಿಸಿದರೆ ಸೆಕೆಯ ಕಾಟವಿಲ್ಲ.

ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. 2025ರ ಮಾಲಿಗೆ ಬಾಟಲಿಗೆ ಇಲ್ಲಿ 95 ರೂಪಾಯಿ ಬಿತ್ತು, ಸಾಗಾಟ–ಲೇಬಲ್ ಸೇರಿ 150ರ ಆಸುಪಾಸು. ನನಗೆ ಸಿಕ್ಕಿದ್ದು 9 ದಿರ್ಹಮ್, ಅಂದರೆ ಇನ್ನೂರರ ಮೇಲೆ. ಅರ್ಧ ಮುಂಗಡ, ಉಳಿದರ್ಧ ಬಿಲ್ ಆಫ್ ಲೇಡಿಂಗ್ (ಮಾಲು ಹಡಗು ಹತ್ತಿದ್ದಕ್ಕೆ ಸಿಗುವ ಪತ್ರ) ಪ್ರತಿ ತೋರಿಸಿದ ಮೇಲೆ. ಉದ್ದರಿ ಇಲ್ಲ. ಲಕ್ಷದ ಹತ್ತಿರ ಉಳಿಯಿತು. ಕೊಚ್ಚಿಗೆ ಮೆಣಸು ಕೊಡು ಅಂದವರಲ್ಲಿ ಇಬ್ಬರು ಈಗ ನನಗೇ ಹಣ್ಣು ತಂದು ಹಾಕುತ್ತಾರೆ.

ನಡುವೆ ಮುರುಗಲು ತುಪ್ಪವನ್ನೂ ನೋಡಿದೆ. ಬೀಜದ ಈ ತುಪ್ಪ ಮೈ ಕಾವಿಗೆ ಮೆತ್ತಗಾಗುವಂಥದ್ದು, ಹಿಮ್ಮಡಿ ಒಡಕಿಗೆ ನಮ್ಮಲ್ಲಿ ಹಚ್ಚುವುದೇ. ಯುರೋಪಿನ ಸಾಬೂನು ಮಾಡುವವರೊಬ್ಬರಿಗೆ ಐದು ಕೆಜಿ ಕಳಿಸಿದೆ. ಮೆಚ್ಚಿದರು, ಆಮೇಲೆ ಕೇಳಿದ ಲ್ಯಾಬ್ ಪರೀಕ್ಷೆಗಳ ಖರ್ಚು ತುಪ್ಪದ ಬೆಲೆಯನ್ನೇ ಮೀರಿತು. ಸದ್ಯ ನಿಲ್ಲಿಸಿದ್ದೇನೆ, ಕೈಬಿಟ್ಟಿಲ್ಲ.

ಈ ಸಲ ಮೇಯಲ್ಲೇ ಮಳೆ ಹಿಡಿದು ಹಣ್ಣು ಮರದ ಬುಡದಲ್ಲೇ ಕೊಳೆಯಿತು. ಮುಂಗಡ ಬಂದಿರುವುದು ನಾಲ್ಕು ಸಾವಿರ ಬಾಟಲಿಗೆ, ಕೈಯಲ್ಲಿರುವ ಹಣ್ಣು ಎರಡು ಸಾವಿರದ ಎಂಟುನೂರಕ್ಕೆ. ದೇರಾಕ್ಕೆ ಫೋನ್ ಮಾಡಿ ಇದ್ದದ್ದು ಇದ್ದಹಾಗೆ ಹೇಳಿದೆ. "ಹಾಗಾದರೆ ಸಣ್ಣ ಬಾಟಲಿ ಮಾಡಿ, ಸಂಖ್ಯೆ ಕಡಿಮೆ ಮಾಡಬೇಡಿ" ಅಂದರು. ಕಾಲು ಲೀಟರಿನ ಬಾಟಲಿಗೆ ನಿನ್ನೆ ಹುಬ್ಬಳ್ಳಿಯಲ್ಲಿ ದರ ಕೇಳಿಬಂದೆ.