ಮೂಲನಿವಾಸಿಗಳ ಊರು, ಬೆಟ್ಟ, ಹೊಳೆಗಳ ಹೆಸರು: ಡಿಜಿಟಲ್ ಮ್ಯಾಪಿಗೆ ಸೇರಿಸುವುದು ಹೇಗೆ?

ನ್ಯೂಜಿಲೆಂಡಿನ ಅತಿ ಎತ್ತರದ ಶಿಖರಕ್ಕೆ ಈಗ ಜೋಡಿ ಹೆಸರು: ಅವೊರಾಕಿ / ಮೌಂಟ್ ಕುಕ್. ಮೊದಲನೆಯದು ಅಲ್ಲಿನ ಮೂಲನಿವಾಸಿ ಮಾವೋರಿಗಳಲ್ಲಿ ಒಂದು ಬುಡಕಟ್ಟಾದ ನೈ ತಾಹು ಜನರದ್ದು. ಎರಡನೆಯದು ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ ನೆನಪಿಗೆ ಇಟ್ಟದ್ದು. ಮೂಲ ಹೆಸರು ಸರ್ಕಾರಿ ದಾಖಲೆಯಲ್ಲಿ ಮುಂದೆ ಬರಲು 1998ರ ಕಾನೂನೇ ಬೇಕಾಯಿತು. ಎಲ್ಲ ಹೆಸರಿಗೂ ಕಾನೂನು ಬರುವ ತನಕ ಕಾಯಬೇಕಿಲ್ಲ. ಜನರೇ ಸೇರಿ ಕಟ್ಟುವ, 2004ರಲ್ಲಿ ಶುರುವಾದ ಉಚಿತ ಡಿಜಿಟಲ್ ಮ್ಯಾಪ್ ಆದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರು ಬೇಕಾದರೂ ಖಾತೆ ತೆರೆದು ಹೆಸರು ಸೇರಿಸಬಹುದು. ಅದಕ್ಕೆ ಐದು ನಿಮಿಷ ಸಾಕು. ಆದರೆ ಆ ಹೆಸರನ್ನು ಸೇರಿಸಬಹುದಾ ಅಂತ ತಿಳಿಯಲು ತಿಂಗಳುಗಳೇ ಹಿಡಿಯಬಹುದು. ಅಸಲಿ ಕೆಲಸ ಅದೇ.

ಮೊದಲು ಕೇಳಿ

ನಿಮಗೆ ಹೆಸರು ಗೊತ್ತಿದೆ ಅಂದ ಮಾತ್ರಕ್ಕೆ ಅದನ್ನು ಹಂಚುವ ಹಕ್ಕು ನಿಮ್ಮದಲ್ಲ. ಒಬ್ಬ ಹಿರಿಯರು ಹೂಂ ಅಂದರೂ ಸಾಲದು. ಹೆಸರುಗಳ ಬಗ್ಗೆ ತೀರ್ಮಾನ ಮಾಡುವವರು ಆ ಸಮುದಾಯದಲ್ಲಿ ಯಾರು ಅಂತ ವಿಚಾರಿಸಿ, ಅವರ ಸಭೆಯ ಮುಂದೆ ವಿಷಯ ಇಡಿ. ಯಾವ ಜಾಗ ಎಲ್ಲರಿಗೂ ಕಾಣಬಹುದು, ಯಾವುದು ಬೇಡ ಅಂತ ಅವರೇ ಹೇಳಲಿ. ಆಸ್ಟ್ರೇಲಿಯಾದ ಹಲವು ಮೂಲನಿವಾಸಿ ಸಮುದಾಯಗಳಲ್ಲಿ ಕೆಲವು ಜಾಗಗಳ ವಿಷಯ ಹೆಂಗಸರಿಗೆ ಮಾತ್ರ, ಇನ್ನು ಕೆಲವು ಗಂಡಸರಿಗೆ ಮಾತ್ರ ತಿಳಿದಿರಬೇಕು. ಸಮಾಧಿ, ಪೂಜೆಯ ತಾಣ, ಔಷಧಿ ಗಿಡ ಸಿಗುವ ಜಾಗ ಇವೂ ಸೂಕ್ಷ್ಮವೇ. ಮ್ಯಾಪಿನಲ್ಲಿ ಒಂದು ಚುಕ್ಕೆ ಬಿದ್ದರೆ ಕುತೂಹಲದವರೂ ಬರುತ್ತಾರೆ, ಕಳ್ಳರೂ ಬರುತ್ತಾರೆ.

ಒಪ್ಪಿಗೆ ಕೇಳುವಾಗ ಒಂದು ವಿಷಯವನ್ನು ಮುಚ್ಚಿಡಬೇಡಿ. ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹೋದದ್ದನ್ನು ಪೂರ್ತಿ ವಾಪಸ್ ಪಡೆಯಲು ಆಗುವುದಿಲ್ಲ. ನೀವು ಅಳಿಸಿದರೂ ಹಳೇ ಆವೃತ್ತಿ ಇತಿಹಾಸದಲ್ಲಿ ಉಳಿಯುತ್ತದೆ. ಅಷ್ಟರಲ್ಲಿ ಇಡೀ ಡೇಟಾವನ್ನು ಎಷ್ಟೋ ಜನ ಇಳಿಸಿಕೊಂಡಿರುತ್ತಾರೆ. ಅದರ ಲೈಸೆನ್ಸ್ ಪ್ರಕಾರ ವ್ಯಾಪಾರಕ್ಕೂ ಬಳಸಬಹುದು. ಇಷ್ಟು ಕೇಳಿದ ಮೇಲೆ ಸಮುದಾಯ 'ಬೇಡ' ಅಂದರೆ ಅಲ್ಲಿಗೆ ನಿಲ್ಲಿಸಿ. ಮ್ಯಾಪ್ ಬೇಕು, ಆದರೆ ಅದು ತಮ್ಮ ಕೈಯಲ್ಲೇ ಇರಬೇಕು ಅಂದರೆ ಬೇರೆ ದಾರಿ ಇದೆ. ಈಕ್ವೆಡಾರ್‌ನ ವಾವೊರಾನಿ ಜನ ತಮ್ಮ ಕಾಡನ್ನು ತಾವೇ ದಾಖಲಿಸಲು ಬಳಸಿದ ಮ್ಯಾಪಿಯೋ ಎಂಬ ಆ್ಯಪ್ ಅಂಥದ್ದು, ಈಗ ಅದರ ಜಾಗಕ್ಕೆ ಕೋಮ್ಯಾಪಿಯೋ ಬಂದಿದೆ. ಅದಕ್ಕೆ ಇಂಟರ್ನೆಟ್ ಬೇಕಿಲ್ಲ, ಮಾಹಿತಿ ಅವರ ಸಾಧನಗಳಲ್ಲೇ ಇರುತ್ತದೆ. ಕಥೆಗಳ ಸಮೇತ ಜಾಗಗಳನ್ನು ಇಡಲು ಟೆರ್ರಾಸ್ಟೋರೀಸ್ ಎಂಬ ಆ್ಯಪ್ ಇದೆ. ಎಲ್ಲವೂ ಓಪನ್ ಆಗಲೇಬೇಕು ಅನ್ನುವ ಹಟ ಮ್ಯಾಪ್ ಮಾಡುವವರಲ್ಲಿ ಸ್ವಲ್ಪ ಜಾಸ್ತಿ.

ಜೊತೆಗೆ ನಡೆಯಿರಿ

ಕೋಣೆಯಲ್ಲಿ ಕೂತು ಪಟ್ಟಿ ಮಾಡಿದರೆ ಅರ್ಧ ಹೆಸರೂ ಬರುವುದಿಲ್ಲ. ಜಾಗಕ್ಕೆ ಹೋದರೆ ತಾನಾಗಿ ನೆನಪಾಗುತ್ತದೆ. ಫೋನಿನಲ್ಲಿ ಜಿಪಿಎಸ್ ಹಾಕಿಕೊಳ್ಳಿ, ಒಪ್ಪಿದರೆ ದನಿ ರೆಕಾರ್ಡ್ ಮಾಡಿ. ನಡೆಯಲು ಆಗದವರಿಗೆ ದೊಡ್ಡ ಕಾಗದದ ಮ್ಯಾಪ್ ಪ್ರಿಂಟ್ ಮಾಡಿ ಮುಂದೆ ಹಾಸಿ, ಬೆರಳಿಟ್ಟು ತೋರಿಸಲಿ.

ಹೆಸರು ಬರೆದುಕೊಂಡರೆ ಸಾಲದು, ಅದು ಎಲ್ಲಿಂದ ಎಲ್ಲಿಯ ತನಕ ಅಂತಲೂ ಕೇಳಿ. ಸರ್ಕಾರಿ ಮ್ಯಾಪಿನಲ್ಲಿ ಒಂದೇ ಹೆಸರಿರುವ ಹೊಳೆಯ ಒಂದೊಂದು ತಿರುವಿಗೂ ಅಲ್ಲಿನವರು ಬೇರೆ ಬೇರೆ ಹೆಸರು ಇಟ್ಟಿರಬಹುದು. ಕಾಡಿನ ನಡುವಿನ ಬಯಲು, ಮೀನು ಹಿಡಿಯುವ ಮಡು, ಬೇಟೆಗೆ ಹೋದವರು ತಂಗುವ ಜಾಗ ಇವಕ್ಕೂ ಹೆಸರಿರುತ್ತದೆ, ಅಲ್ವಾ? ಇನ್ನೊಬ್ಬರನ್ನೂ ಕೇಳಿ ನೋಡಿ. ಉತ್ತರ ಬೇರೆ ಬಂದರೆ ಗಾಬರಿ ಬೇಡ. ಎರಡು ಸಮುದಾಯ ಬಳಸುವ ಒಂದೇ ಬೆಟ್ಟಕ್ಕೆ ಎರಡು ಹೆಸರಿರುವುದು ಸಹಜ. ಎರಡನ್ನೂ ಬರೆದುಕೊಳ್ಳಿ.

ಕಾಗುಣಿತದ ವಿಷಯದಲ್ಲಿ ಸಮುದಾಯ ಒಪ್ಪಿದ ಬರವಣಿಗೆಯೇ ಅಂತಿಮ. ಮಾವೋರಿಯಲ್ಲಿ ಅಕ್ಷರದ ಮೇಲಿನ ಅಡ್ಡಗೆರೆ ದೀರ್ಘ ಸ್ವರದ ಗುರುತು. ಅದನ್ನು ಬಿಟ್ಟರೆ ನಮ್ಮಲ್ಲಿ ದೀರ್ಘ ಬಿಟ್ಟಷ್ಟೇ ತಪ್ಪು. ಹವಾಯಿ ಭಾಷೆಯ ಒಕಿನ ಒಂದು ವ್ಯಂಜನ, ಅದಕ್ಕೆ ಯೂನಿಕೋಡ್‌ನಲ್ಲಿ ಸರಿಯಾದ ಚಿಹ್ನೆ ಇದೆ. ಸುಮ್ನೆ ಕೀಬೋರ್ಡಿನ ಒಂಟಿ ಉದ್ಧರಣ ಚಿಹ್ನೆ ಒತ್ತಬೇಡಿ.

ಈಗ ಮ್ಯಾಪಿಗೆ

ಬ್ರೌಸರಿನಲ್ಲಿ ತೆರೆಯುವ, ಓಪನ್‌ಸ್ಟ್ರೀಟ್‌ಮ್ಯಾಪ್‌ನ ಐಡಿ ಎಡಿಟರ್ ಹೊಸಬರಿಗೆ ಸಾಕು. ಜಾಗವನ್ನು ಆರಿಸಿ, ಹೆಸರಿನ ಪಕ್ಕದ ಪ್ಲಸ್ ಗುರುತು ಒತ್ತಿದರೆ ಬೇರೆ ಭಾಷೆಯ ಹೆಸರು ಸೇರಿಸಬಹುದು. ಅದು ಸೇರುವುದು 'ನೇಮ್' ಎಂಬ ಟ್ಯಾಗಿಗೆ, ಅಂದರೆ ಮಾಹಿತಿಯ ಲೇಬಲ್ಲಿಗೆ, ಭಾಷೆಯ ಸಂಕೇತ ಅಂಟಿಸಿದ ರೂಪದಲ್ಲಿ. ಮಾವೋರಿಗೆ 'ಎಂಐ', ಹವಾಯಿಗೆ 'ಎಚ್‌ಎಡಬ್ಲ್ಯು', ಆಸ್ಟ್ರೇಲಿಯಾದ ಪಿಚಂಚಾಚರಾ ಭಾಷೆಗೆ 'ಪಿಜೆಟಿ'. ಬರೀ 'ನೇಮ್' ಟ್ಯಾಗಿನಲ್ಲಿ ಆ ಜಾಗದಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವ ಹೆಸರು ಇರಬೇಕು ಅನ್ನುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನ ಪದ್ಧತಿ. ಕೆನಡಾದ ಕ್ವೀನ್ ಷಾರ್ಲೆಟ್ ದ್ವೀಪಗಳು 2010ರಲ್ಲಿ ಅಧಿಕೃತವಾಗಿ ಹೈಡಾ ಗ್ವಾಯಿ ಆದವು. ಅಂಥ ಕಡೆ ಹೊಸದು 'ನೇಮ್' ಆಗುತ್ತದೆ, ಹಿಂದಿನದು 'ಓಲ್ಡ್ ನೇಮ್' ಟ್ಯಾಗಿಗೆ ಇಳಿಯುತ್ತದೆ. ಮೂಲನಿವಾಸಿಗಳ ಹೆಸರನ್ನು ಮಾತ್ರ 'ಓಲ್ಡ್ ನೇಮ್' ಅಡಿ ತುರುಕಬೇಡಿ. ಜನ ಇಂದಿಗೂ ಕರೆಯುವ ಹೆಸರು ಹಳೆಯದಾಗುವುದು ಹೇಗೆ?

ಜೋಡಿ ಹೆಸರಿದ್ದರೆ ಯಾವುದು ಮೊದಲು ಅನ್ನುವುದೂ ಮುಖ್ಯ. ಆಸ್ಟ್ರೇಲಿಯಾದ ಕೆಂಪು ಬಂಡೆಗೆ 1993ರಲ್ಲಿ ಕೊಟ್ಟ ಜೋಡಿ ಹೆಸರು ಆಯರ್ಸ್ ರಾಕ್ / ಉಲುರು. 2002ರಲ್ಲಿ ಅದನ್ನು ತಿರುಗಿಸಿ ಉಲುರು / ಆಯರ್ಸ್ ರಾಕ್ ಮಾಡಿದರು. ಬೋರ್ಡಿನಲ್ಲಿ, ಗೆಜೆಟ್‌ನಲ್ಲಿ ಇರುವ ಕ್ರಮವನ್ನು ನೋಡಿಯೇ ಹಾಕಿ.

ಜನವಸತಿ ಇಲ್ಲದ, ಆದರೆ ಹೆಸರಿರುವ ಜಾಗಕ್ಕೆ 'ಲೊಕ್ಯಾಲಿಟಿ' ಎಂಬ ಬಗೆ ಇದೆ. ಬೇರೆ ಮ್ಯಾಪಿನಿಂದ ನಕಲು ಮಾಡಬೇಡಿ, ಹಕ್ಕುಸ್ವಾಮ್ಯದ ತೊಂದರೆ ಬರುತ್ತದೆ. ನೂರಾರು ಹೆಸರನ್ನು ಒಟ್ಟಿಗೆ ಸುರಿಯುವುದಾದರೆ ಆ ಪ್ರದೇಶದಲ್ಲಿ ಮ್ಯಾಪ್ ಮಾಡುವವರ ಜೊತೆ ಮೊದಲೇ ಚರ್ಚಿಸಲೇಬೇಕು. ಸೇವ್ ಮಾಡುವಾಗ ಟಿಪ್ಪಣಿಯಲ್ಲಿ ಹೆಸರು ಎಲ್ಲಿಂದ ಬಂತು ಅಂತ ಬರೆಯಿರಿ, 'ಸಮುದಾಯದ ಸಭೆಯ ಒಪ್ಪಿಗೆಯಿಂದ' ಎಂಬಂತೆ. ಹೆಸರು ಹೇಳಿದ ವ್ಯಕ್ತಿಯ ಗುರುತು ಅಲ್ಲಿ ಬೇಡ.

ಸೇವ್ ಆದ ಮೇಲೆ

ಮುಖ್ಯ ಮ್ಯಾಪ್ ತೆರೆದರೆ ನೀವು ಸೇರಿಸಿದ ಹೆಸರು ಕಾಣದೇ ಇರಬಹುದು. ಅಲ್ಲಿ ತೋರಿಸುವುದು ಬರೀ 'ನೇಮ್' ಟ್ಯಾಗಿನದ್ದು. ಭಾಷೆ ಆರಿಸುವ ಸೌಲಭ್ಯ ಇರುವ ಆ್ಯಪ್‌ಗಳಲ್ಲಿ ಉಳಿದದ್ದು ಬರುತ್ತದೆ. ಇದನ್ನು ಸಮುದಾಯಕ್ಕೆ ಮೊದಲೇ ಹೇಳಿ, ಇಲ್ಲದಿದ್ದರೆ ನೀವು ಹಾಕಲೇ ಇಲ್ಲ ಅಂದುಕೊಳ್ಳುತ್ತಾರೆ. ಯಾರಾದರೂ ಬದಲಾಯಿಸಿದರೆ ಕೂಡಲೇ ತಿದ್ದಿ ಜಗಳಕ್ಕಿಳಿಯಬೇಡಿ. ಅವರ ಬದಲಾವಣೆಯ ಅಡಿಯಲ್ಲೇ ಕಾರಣ ಕೇಳಿ, ಸಭೆಯ ತೀರ್ಮಾನವನ್ನು ವಿವರಿಸಿ.

ರೆಕಾರ್ಡಿಂಗ್, ಪಟ್ಟಿ, ಜಿಪಿಎಸ್ ಫೈಲು ಎಲ್ಲದರ ಒಂದು ಪ್ರತಿ ಸಮುದಾಯಕ್ಕೆ ಕೊಡಿ. ಹೆಸರುಗಳಿರುವ ಕಾಗದದ ಮ್ಯಾಪನ್ನೂ ಪ್ರಿಂಟ್ ಮಾಡಿಸಿ ಕೊಡಿ. ತಪ್ಪುಗಳು ಜಾಸ್ತಿ ಸಿಗುವುದು ಅದನ್ನು ಅವರು ನೋಡುವಾಗಲೇ.