ಕಪ್ಪುಕುಳಿಯೋ ಹೊಸ ತಾರೆಗಳೋ? ನಾಲ್ಕು ರೇಖೆ ನೋಡಿ ಹೇಳಿ

ಜುಲೈನಲ್ಲಿ ಧಾರವಾಡಕ್ಕೆ ಜಿಟಿಜಿಟಿ ಮಳೆ ಹಿಡಿದರೆ ದೂರದರ್ಶಕಕ್ಕೆ ಕೆಲಸವಿಲ್ಲ. ಆದರೆ ಗ್ಯಾಲಕ್ಸಿಯ ನಡುವಿನ ದೈತ್ಯ ಕಪ್ಪುಕುಳಿ ಬೆಳೆಯುವುದಕ್ಕೂ ಅಲ್ಲೇ ನಕ್ಷತ್ರಗಳು ಹುಟ್ಟುವುದಕ್ಕೂ ಇರುವ ನಂಟನ್ನು ಪರೀಕ್ಷಿಸಲು ಮೋಡ ಸರಿಯಬೇಕಿಲ್ಲ. ಸ್ಲೋನ್ ಡಿಜಿಟಲ್ ಸ್ಕೈ ಸರ್ವೇ ಎಂಬ ಆಕಾಶ ಸಮೀಕ್ಷೆ ಅಳೆದ ಲಕ್ಷಾಂತರ ಗ್ಯಾಲಕ್ಸಿಗಳ ಮಾಹಿತಿ ಸ್ಕೈಸರ್ವರ್ ಜಾಲತಾಣದಲ್ಲಿ ಉಚಿತ. ಪಿಯುಸಿ ಮಟ್ಟದ ಲಾಗರಿದಮ್ ಮತ್ತು ಎಕ್ಸೆಲ್ ಇರುವ ಕಂಪ್ಯೂಟರ್ ಇದ್ದರಾಯಿತು.

ಮೊದಲು ಮಾಹಿತಿ ಇಳಿಸಿಕೊಳ್ಳಿ. ಎಸ್‌ಕ್ಯೂಎಲ್ (ಮಾಹಿತಿಕೋಶಕ್ಕೆ ಪ್ರಶ್ನೆ ಕೇಳುವ ಭಾಷೆ) ಹುಡುಕಾಟದಲ್ಲಿ ‘ಗ್ಯಾಲ್‌ಸ್ಪೆಕ್‌ಲೈನ್’ ಟೇಬಲ್‌ನಿಂದ ನಾಲ್ಕು ರೋಹಿತ ರೇಖೆಗಳ (ಗ್ಯಾಲಕ್ಸಿಯ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಪ್ರಖರ ಗೆರೆಗಳು) ಪ್ರಖರತೆ, ಜೊತೆಗೆ ಅವುಗಳ ದೋಷಮಿತಿ ಬೇಕು: ಜಲಜನಕದ ಎಚ್-ಬೀಟಾ (ತರಂಗಾಂತರ 4861 ಆಂಗ್‌ಸ್ಟ್ರಾಮ್), ಆಮ್ಲಜನಕ (5007), ಜಲಜನಕದ್ದೇ ಎಚ್-ಆಲ್ಫಾ (6563), ಸಾರಜನಕ (6584). ಯಾವ ರೇಖೆಯೂ ತನ್ನ ದೋಷಮಿತಿಯ 3 ಪಟ್ಟಿಗಿಂತ ಕಡಿಮೆ ಇರಬಾರದು. ಗ್ಯಾಲಕ್ಸಿಯ ದೂರವನ್ನು ಸೂಚಿಸುವ ಕೆಂಪುಪಲ್ಲಟ 0.04ರಿಂದ 0.1ರೊಳಗಿರಲಿ. ಈ ರೋಹಿತಗಳನ್ನು ಹಿಡಿದ ಫೈಬರ್ (ಬೆಳಕು ಸಾಗಿಸುವ ಗಾಜಿನ ಎಳೆ) ಆಕಾಶದಲ್ಲಿ ಬರೀ 3 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ಅಗಲ. ತೀರ ಹತ್ತಿರದ ಗ್ಯಾಲಕ್ಸಿಯಾದರೆ ನಡುಭಾಗವಷ್ಟೇ ಸಿಕ್ಕು, ಸುರುಳಿ ತೋಳುಗಳಲ್ಲಿ ಹುಟ್ಟುವ ನಕ್ಷತ್ರಗಳು ಲೆಕ್ಕಕ್ಕೇ ಬರುವುದಿಲ್ಲ.

ಈಗ ಎರಡು ಭಾಗಾಕಾರ. ಸಾರಜನಕವನ್ನು ಎಚ್-ಆಲ್ಫಾದಿಂದ, ಆಮ್ಲಜನಕವನ್ನು ಎಚ್-ಬೀಟಾದಿಂದ ಭಾಗಿಸಿ, 10ರ ಲಾಗ್ ತೆಗೆಯಿರಿ. ಮೊದಲನೆಯದು ಅಡ್ಡ ಅಕ್ಷ, ಎರಡನೆಯದು ಲಂಬ ಅಕ್ಷ. ಬಾಲ್ಡ್‌ವಿನ್, ಫಿಲಿಪ್ಸ್, ಟೆರ್ಲೆವಿಚ್ ಎಂಬ ಖಗೋಳವಿಜ್ಞಾನಿಗಳು 1981ರಲ್ಲಿ ಕೊಟ್ಟ ನಕ್ಷೆ ಇದು. ನೆರೆಹೊರೆಯ ರೇಖೆಗಳನ್ನೇ ಭಾಗಿಸುವುದರಿಂದ ಧೂಳು ಎರಡನ್ನೂ ಹೆಚ್ಚುಕಡಿಮೆ ಸಮನಾಗಿ ಮಬ್ಬಾಗಿಸುತ್ತದೆ, ಅನುಪಾತ ಕೆಡುವುದಿಲ್ಲ.

ಗಡಿಗಳು ಎರಡು. ಅಡ್ಡ ಬೆಲೆಯಿಂದ 0.05 ಕಳೆದು, ಬಂದದ್ದರಿಂದ 0.61ನ್ನು ಭಾಗಿಸಿ 1.3 ಕೂಡಿಸಿದರೆ ಕೆಳಗಡಿ. 0.47 ಕಳೆದು, ಹಾಗೆಯೇ 0.61ನ್ನು ಭಾಗಿಸಿ 1.19 ಕೂಡಿಸಿದರೆ ಮೇಲ್ಗಡಿ. ಲಂಬ ಬೆಲೆ ಕೆಳಗಡಿಯ ಕೆಳಗಿದ್ದರೆ ನಕ್ಷತ್ರ ಹುಟ್ಟುವ ಗ್ಯಾಲಕ್ಸಿ, ಮೇಲ್ಗಡಿ ದಾಟಿದ್ದರೆ ಅನಿಲ ನುಂಗುತ್ತಿರುವ ಕಪ್ಪುಕುಳಿಯದೇ ಮೇಲುಗೈ, ನಡುವೆ ಬಿದ್ದರೆ ಎರಡರ ಬೆರಕೆ. ಉದಾಹರಣೆಗೆ ಎಚ್-ಆಲ್ಫಾ 300, ಸಾರಜನಕ 100, ಎಚ್-ಬೀಟಾ 80, ಆಮ್ಲಜನಕ 60 ಎನ್ನಿ. ಅಡ್ಡ ಬೆಲೆ -0.48, ಲಂಬ ಬೆಲೆ -0.12, ಅಲ್ಲಿ ಕೆಳಗಡಿ 0.14. ಹಾಗಾಗಿ ಇಲ್ಲಿ ಬೆಳಗುತ್ತಿರುವುದು ಹೊಸ ತಾರೆಗಳೇ.

ಹೆಚ್ಚಿನವರ ಲೆಕ್ಕ ತಪ್ಪುವುದು ಇಲ್ಲೇ. ಅಡ್ಡ ಬೆಲೆ 0.05 ದಾಟಿದ ಕೂಡಲೇ ಕೆಳಗಡಿಯ ಸೂತ್ರ ಧನ ಬೆಲೆಗೆ ಜಿಗಿದು ಗಗನಕ್ಕೇರುತ್ತದೆ. ಎಕ್ಸೆಲ್ ಮಾತ್ರ ಯಾವ ಎಚ್ಚರಿಕೆಯನ್ನೂ ಕೊಡದೆ ಅಪ್ಪಟ ಕಪ್ಪುಕುಳಿ ಗ್ಯಾಲಕ್ಸಿಗಳನ್ನು ‘ನಕ್ಷತ್ರ’ದ ಗುಂಪಿಗೆ ಹಾಕುತ್ತದೆ. 0.05 ದಾಟಿದವನ್ನು ಮೊದಲೇ ಬೇರೆ ಮಾಡಿ. ಮೇಲ್ಗಡಿಗೆ 0.47ರಲ್ಲಿ ಇದೇ ಗತಿ. ರೇಖೆಗಳನ್ನು ನೀವೇ ಅಳೆಯುವುದಾದರೆ ಇನ್ನೊಂದು ಎಚ್ಚರ: ನಕ್ಷತ್ರಗಳ ಹೀರಿಕೆ ರೇಖೆ ಎಚ್-ಬೀಟಾವನ್ನು ತಿಂದುಹಾಕುತ್ತದೆ. ಅದನ್ನು ಸರಿಪಡಿಸದಿದ್ದರೆ ಲಂಬ ಬೆಲೆ ಉಬ್ಬಿ, ಇಲ್ಲದ ಕಪ್ಪುಕುಳಿ ಕಾಣಿಸುತ್ತದೆ.

ನಂಟಿನ ಪ್ರಶ್ನೆ ಇಲ್ಲಿಂದ ಮುಂದೆ. ಕಪ್ಪುಕುಳಿ ಗುಂಪಿನಲ್ಲಿ ಎಚ್-ಆಲ್ಫಾದಿಂದ ನಕ್ಷತ್ರ ಜನನವನ್ನು ಅಳೆಯಬೇಡಿ, ಆ ಬೆಳಕಿನಲ್ಲಿ ಕಪ್ಪುಕುಳಿಯದೂ ಪಾಲಿದೆ. ಬದಲಿಗೆ 4000 ಆಂಗ್‌ಸ್ಟ್ರಾಮ್‌ ಆಚೀಚಿನ ಬೆಳಕಿನ ಜಿಗಿತ (ಉದ್ದ ಅಲೆಯ ಕಡೆಯ ಬೆಳಕನ್ನು ಗಿಡ್ಡ ಅಲೆಯ ಕಡೆಯದರಿಂದ ಭಾಗಿಸಿದ್ದು) ನೋಡಿ. ‘ಗ್ಯಾಲ್‌ಸ್ಪೆಕ್‌ಇಂಡೆಕ್ಸ್’ (galSpecIndx) ಟೇಬಲ್‌ನಲ್ಲಿ ಸಿದ್ಧವಿದೆ. 1.5ಕ್ಕಿಂತ ಕಡಿಮೆಯಾದರೆ ಎಳೆಯ ನಕ್ಷತ್ರಗಳು, 1.8ರ ಆಸುಪಾಸು ಹಳೆಯವು. ಕಪ್ಪುಕುಳಿಯ ಹಸಿವಿಗೆ ಅಳತೆಗೋಲು ಆಮ್ಲಜನಕ ರೇಖೆಯ ಒಟ್ಟು ಪ್ರಭೆ, ಅಂದರೆ ಪ್ರಖರತೆಯನ್ನು ದೂರದ ವರ್ಗದಿಂದಲೂ 4πಯಿಂದಲೂ ಗುಣಿಸಿದ್ದು. ದೊಡ್ಡ ಗ್ಯಾಲಕ್ಸಿಯಲ್ಲಿ ಎಲ್ಲವೂ ದೊಡ್ಡದೇ ಆದ್ದರಿಂದ, ಸೂರ್ಯನ 3ರಿಂದ 6 ಸಾವಿರ ಕೋಟಿ ಪಟ್ಟು ತೂಕದಂಥ ಕಿರಿದಾದ ಗುಂಪಿನೊಳಗೇ ಹೋಲಿಸಿ.

ಕಪ್ಪುಕುಳಿ ನಕ್ಷತ್ರ ಜನನವನ್ನು ಕೊಲ್ಲುತ್ತದೆ ಎಂದು ಕೇಳಿದವರಿಗೆ ನಕ್ಷೆ ಉಲ್ಟಾ ಕಾಣುತ್ತದೆ: ಪ್ರಬಲ ಕಪ್ಪುಕುಳಿಗಳ ಮನೆಯಲ್ಲಿ ಎಳೆಯ ನಕ್ಷತ್ರಗಳೇ ಜಾಸ್ತಿ. ಒಂದೇ ಕಾಲುವೆಯ ನೀರು ಎರಡು ಹೊಲಕ್ಕೆ ಹರಿದಂತೆ, ಎರಡಕ್ಕೂ ಮೇವು ಅದೇ ತಣ್ಣನೆಯ ಅನಿಲ. ಒಂದು ಇನ್ನೊಂದಕ್ಕೆ ಕಾರಣವೆಂದು ಇದರಿಂದ ತೀರ್ಮಾನಿಸಬೇಡಿ.

ಕೊಲ್ಲುವ ಕಪ್ಪುಕುಳಿಗಳಲ್ಲಿ ಹಲವು ಈ ನಕ್ಷೆಗೆ ಸಿಗುವುದೇ ಇಲ್ಲ. ಎಂ87ನಂಥ ದೈತ್ಯ ದೀರ್ಘವೃತ್ತ ಗ್ಯಾಲಕ್ಸಿಗಳಲ್ಲಿ ಕಪ್ಪುಕುಳಿ ಉಣ್ಣುವುದು ತುಸುವೇ, ಆದರೆ ಅದು ಚಿಮ್ಮಿಸುವ ಕಣಗಳ ಧಾರೆಗಳು, ಅಂದರೆ ಜೆಟ್‌ಗಳು ಸುತ್ತಲಿನ ಅನಿಲ ತಣಿಯಲು ಬಿಡುವುದಿಲ್ಲ. ಇವನ್ನು ಹಿಡಿಯಲು ರೇಡಿಯೊ ಮೂಲಗಳ ಪಟ್ಟಿ ಬೇಕು: ಪುಣೆ ಜಿಲ್ಲೆಯ ರೇಡಿಯೊ ದೂರದರ್ಶಕ ಜಿಎಂಆರ್‌ಟಿ 150 ಮೆಗಾಹರ್ಟ್ಜ್‌ನಲ್ಲಿ ಮಾಡಿದ ಸಮೀಕ್ಷೆಯದು ಮುಕ್ತವಾಗಿದೆ. ಆಕಾಶದಲ್ಲಿನ ಸ್ಥಾನ ನೋಡಿ ಎರಡೂ ಪಟ್ಟಿಗಳನ್ನು ಹೊಂದಿಸಿ. ಗ್ಯಾಲಕ್ಸಿ ರೇಡಿಯೊದಲ್ಲಿ ಪ್ರಖರ, 4000ರ ಜಿಗಿತ 1.8 ಇದ್ದರೆ ಜೆಟ್ ಇರುವ ಸಂಭವ ಹೆಚ್ಚು. ಜಿಗಿತ 1.4 ಇದ್ದರೆ ಅದು ಸಿಡಿದ ನಕ್ಷತ್ರಗಳಾದ ಸೂಪರ್‌ನೋವಾಗಳ ರೇಡಿಯೊ ಸದ್ದೂ ಆಗಿರಬಹುದು.